ರಂಗೋಲಿಯ ಕೆಳಗೊಂದು ಸಿಗರೇಟು

ಸಿಗರೇಟಿನ ತೆರಿಗೆ ಏರಿಸಬೇಕೇ ಬೇಡವೇ ಎಂದು ವಾದಿಸುವವರಿಗೆ ಒಂದು ಸುಖವಿದೆ. ಸಿಗರೇಟು ಅಂದರೆ ಏನೆಂದು ಅವರು ಹೇಳಬೇಕಾಗಿಲ್ಲ. ಒಬ್ಬರು ಆರೋಗ್ಯ ಅನ್ನುತ್ತಾರೆ, ಇನ್ನೊಬ್ಬರು ಸ್ವಾತಂತ್ರ್ಯ ಅನ್ನುತ್ತಾರೆ, ಮೂರನೆಯವರು ಬೊಕ್ಕಸ ಅನ್ನುತ್ತಾರೆ. ಗಂಟಲು ಒಣಗಿದ ಮೇಲೆ ಎಲ್ಲರೂ ಎದ್ದು ಹೋಗುತ್ತಾರೆ. ಕಾನೂನಿನ ಕರಡು ಬರೆಯುವ ಗುಮಾಸ್ತನಿಗೆ ಆ ಸುಖ ಇಲ್ಲ. ಎಷ್ಟುದ್ದದ್ದು, ಎಷ್ಟು ತೂಕದ್ದು, ಯಾವುದರಲ್ಲಿ ಸುತ್ತಿದ್ದು, ಫಿಲ್ಟರ್ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ, ಎಲ್ಲವನ್ನೂ ಅವನು ಬರೆದಿಡಬೇಕು. ಅವನು ಪೆನ್ನಿಗೆ ಮುಚ್ಚಳ ಹಾಕುವಷ್ಟರಲ್ಲಿ ಕಾರ್ಖಾನೆಯ ಎಂಜಿನಿಯರ್ ಅದನ್ನು ಓದಲು ಕೂತಿರುತ್ತಾನೆ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬ ಗಾದೆ ಹುಟ್ಟಿದ್ದೇ ಇವರಿಬ್ಬರ ಸಲುವಾಗಿ ಇರಬೇಕು.

ಭಾರತದ ಸುಂಕದ ಪಟ್ಟಿಯನ್ನೇ ನೋಡಿ. ಅಲ್ಲಿ ಸಿಗರೇಟಿಗೆ 65, 70, 75 ಮಿಲಿಮೀಟರ್ ಎಂದು ಗೆರೆಗಳಿವೆ. ಗೆರೆ ದಾಟಿದರೆ ಸುಂಕ ಒಂದು ಮೆಟ್ಟಿಲು ಮೇಲೆ. ಸರಿ, 64 ಮಿ.ಮೀ. ಸಿಗರೇಟು ಬಂತು. 65 ಇದ್ದರೂ ಕೆಳಗಿನ ಮೆಟ್ಟಿಲೇ ತಾನೇ, ಒಂದು ಮಿ.ಮೀ. ಬಿಟ್ಟುಕೊಟ್ಟದ್ದು ಯಾಕೆ? ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸಿಗರೇಟು ಉಗುಳುವ ಯಂತ್ರದ ಬ್ಲೇಡು ಸದಾ ಒಂದೇ ಅಳತೆಗೆ ಕತ್ತರಿಸುತ್ತದೆ ಎಂಬ ಭರವಸೆ ಇಲ್ಲ. ತುಸು ಆಚೀಚೆಯಾಗಿ 65.2 ಬಂತೆಂದರೆ ಸರಕು ಮೇಲಿನ ಮೆಟ್ಟಿಲೇರಿತು. ಆ ಒಂದು ಮಿ.ಮೀ. ಬ್ಲೇಡಿನ ಚಂಚಲತೆಗೆ ಬಿಟ್ಟ ಜಾಗ ಎಂದುಕೊಳ್ಳಬಹುದು.

ಗುಮಾಸ್ತನೇನೂ ದಡ್ಡನಲ್ಲ. ಉದ್ದ ಅಳೆಯುವಾಗ ಫಿಲ್ಟರನ್ನೂ ಸೇರಿಸಬೇಕು, ಫಿಲ್ಟರಿನ ಉದ್ದ 11 ಮಿ.ಮೀ. ಅಥವಾ ಅದರ ನಿಜವಾದ ಉದ್ದ, ಯಾವುದು ಹೆಚ್ಚೋ ಅದು ಎಂದು ಬರೆದಿಟ್ಟಿದ್ದಾನೆ. ಯಾರಾದರೂ 5 ಮಿ.ಮೀ. ಫಿಲ್ಟರ್ ಅಂಟಿಸಿ ಉಳಿದ 59 ಮಿ.ಮೀ.ಗೆ ತಂಬಾಕು ತುಂಬಿದರೆ ಸ್ಕೇಲಿನಲ್ಲಿ 64 ಕಂಡರೂ ಕಡತದಲ್ಲಿ ಅದು 59 ಕೂಡಿಸು 11, ಅಂದರೆ 70. ಸುಂಕದ ಪಟ್ಟಿಗಳಲ್ಲಿ ಇಂಥ ವಿಚಿತ್ರ ಸಂಖ್ಯೆ ಕಂಡಾಗಲೆಲ್ಲ ಅದರ ಹಿಂದೆ ಯಾರೋ ಒಬ್ಬ ಜಾಣನ ಕಿತಾಪತಿ ಇರುತ್ತದೆ ಎಂಬುದು ನನ್ನ ಗುಮಾನಿ.

ಉದ್ದ ನೋಡದೆ ಒಂದೊಂದು ಸಿಗರೇಟಿಗೆ ಇಷ್ಟು ಎಂದು ಸುಂಕ ಹಾಕಿದರೆ ಕಾಯಿಲೆ ತಿರುವುಮುರುವು. ಆಗ ಸಿಗರೇಟು ಉದ್ದವಾಗಬಹುದು. ಒಂದೇ ಸಿಗರೇಟಿನ ಸುಂಕ ಕಟ್ಟಿ, ಮಾರುದ್ದದ್ದನ್ನು ಕೊಂಡು ಮನೆಯಲ್ಲಿ ಕತ್ತರಿಸಿಕೊಂಡರಾಯಿತು. ಅದಕ್ಕೇ ಐರೋಪ್ಯ ಒಕ್ಕೂಟದ ನಿಯಮದಲ್ಲಿ ಫಿಲ್ಟರ್ ಬಿಟ್ಟು 8 ಸೆಂಟಿಮೀಟರ್ ದಾಟಿದ ಸಿಗರೇಟು ಎರಡು ಸಿಗರೇಟಿಗೆ ಸಮ, 11 ದಾಟಿ 14ರವರೆಗಿನದು ಮೂರಕ್ಕೆ ಸಮ. ಅಮೆರಿಕದ ಕಾನೂನಿನಲ್ಲಿ ದಪ್ಪ ಸಿಗರೇಟು ಆರೂವರೆ ಇಂಚು ದಾಟಿದರೆ ಪ್ರತಿ 2¾ ಇಂಚಿಗೆ, ಕೊನೆಯ ಚೂರನ್ನೂ ಬಿಡದೆ, ಒಂದೊಂದು ಸಿಗರೇಟೆಂದು ಎಣಿಸಬೇಕು. ಜರ್ಮನಿಯಲ್ಲಿ ಇನ್ನೊಂದು ಉಪಾಯ ನಡೆದಿತ್ತು. ತಂಬಾಕನ್ನು ತೆಳು ಕಾಗದದಲ್ಲಿ ಸುರುಳಿ ಮಾಡಿಯೇ ಮಾರುವುದು. ಕೊಂಡವರು ಅದನ್ನು ಫಿಲ್ಟರ್ ಇರುವ ಖಾಲಿ ಕೊಳವೆಯೊಳಗೆ ತಳ್ಳಿಕೊಳ್ಳುವುದು. ಇದು ಸಿಗರೇಟಲ್ಲ, ಸುತ್ತಿಕೊಳ್ಳುವ ತಂಬಾಕು ಎಂಬ ಲೆಕ್ಕದಲ್ಲಿ ಸುಂಕ ಕಡಿಮೆ. ಇಲ್ಲ, ಇದು ಸಿಗರೇಟೇ ಎಂದು ಐರೋಪ್ಯ ನ್ಯಾಯಾಲಯ 2005ರಲ್ಲಿ ಹೇಳಬೇಕಾಯಿತು.

ತೂಕದ ಕಥೆ ಇದಕ್ಕಿಂತ ಸೊಗಸು. 2009ರ ಏಪ್ರಿಲ್ 1ರಂದು ಅಮೆರಿಕದ ಕೇಂದ್ರ ಸರ್ಕಾರ ಪ್ಯಾಕಿಗೆ 39 ಸೆಂಟ್ ಇದ್ದ ಸುಂಕವನ್ನು 1.01 ಡಾಲರಿಗೆ ಏರಿಸಿತು. ಕೈಯಲ್ಲಿ ಸುತ್ತಿಕೊಳ್ಳುವ ತಂಬಾಕಿನ ಸುಂಕ ಪೌಂಡಿಗೆ 1.10 ಡಾಲರಿನ ಆಸುಪಾಸಿನಿಂದ 24.78ಕ್ಕೆ ನೆಗೆಯಿತು. ಪೈಪಿನ ತಂಬಾಕಿನದ್ದು ಮಾತ್ರ 2.83ಕ್ಕೇ ನಿಂತಿತು. ಎಲೆ ಅದೇ ಗಿಡದ್ದು. ಇದು ಪೈಪಿನದೋ ಸುತ್ತುವುದೋ ಎಂದು ಹೇಳಲು ಕಾನೂನು ನೆಚ್ಚಿಕೊಂಡಿದ್ದು ಅದರ ರೂಪ, ಪೊಟ್ಟಣ ಮತ್ತು ಚೀಟಿಯನ್ನು. ಚೀಟಿ ಬದಲಾಯಿತು. 2009ರ ಜನವರಿಯಲ್ಲಿ ಸುಮಾರು 2.4 ಲಕ್ಷ ಪೌಂಡ್ ಇದ್ದ ಪೈಪ್ ತಂಬಾಕಿನ ತಿಂಗಳ ಮಾರಾಟ 2011ರ ಸೆಪ್ಟೆಂಬರ್ ಹೊತ್ತಿಗೆ 30 ಲಕ್ಷ ದಾಟಿತ್ತು. ಎರಡೂವರೆ ವರ್ಷದಲ್ಲಿ ಅಷ್ಟು ಜನ ಪೈಪ್ ಕಚ್ಚಲು ಕಲಿತರು ಎಂದು ನಂಬುವವರು ನಂಬಲಿ.

ಸಣ್ಣ ಸಿಗಾರಿಗೂ ಅದೇ ಗತಿ. ಸಾವಿರಕ್ಕೆ 3 ಪೌಂಡ್ ತೂಕ ಮೀರದಿದ್ದರೆ, ಅಂದರೆ ಒಂದೊಂದೂ ಸುಮಾರು 1.36 ಗ್ರಾಂ ಒಳಗಿದ್ದರೆ ಅದು ಸಣ್ಣ ಸಿಗಾರು. ಸಿಗರೇಟಿನಷ್ಟೇ ಸುಂಕ, ಸಾವಿರಕ್ಕೆ 50.33 ಡಾಲರ್. ಮೀರಿದರೆ ದೊಡ್ಡ ಸಿಗಾರು. ಕಾರ್ಖಾನೆ ಬೆಲೆಯ ಶೇ. 52.75. ಈಗ ಲೆಕ್ಕ ಹಾಕಿ. ಕಾರ್ಖಾನೆ ಬೆಲೆ ಒಂದಕ್ಕೆ 4 ಸೆಂಟ್ ಅಂದುಕೊಂಡರೆ ಸಣ್ಣದಕ್ಕೆ ಸುಂಕ 5 ಸೆಂಟ್, ದೊಡ್ಡದಕ್ಕೆ 2 ಸೆಂಟಿಗೆ ಚೂರು ಮೇಲೆ. ಒಂದಿಷ್ಟು ತೂಕ ಕೂಡಿಸಿದರೆ ಸುಂಕ ಅರ್ಧಕ್ಕಿಂತ ಕೆಳಗೆ! ನೋಡಲು ಸಿಗರೇಟಿನಂತೆಯೇ ಇರುವ, ತುದಿಗೆ ಫಿಲ್ಟರೂ ಇರುವ ಸಿಗಾರುಗಳು ನೋಡುನೋಡುತ್ತಲೇ ಮೈ ತುಂಬಿಕೊಂಡವು.

ಹಾಗಾದರೆ ಅಳತೆ, ತೂಕ ಎಲ್ಲ ಬಿಟ್ಟು ಬೆಲೆಯ ಮೇಲೇ ಶೇಕಡಾವಾರು ಹಾಕಿಬಿಡಬಹುದಲ್ಲ? ಹಾಕಬಹುದು. ಆಗ ಬೆಲೆ ಇಳಿಸಿದವನಿಗೆ ಸುಂಕವೂ ಇಳಿಯುತ್ತದೆ. ಅಗ್ಗದ ಬ್ರ್ಯಾಂಡುಗಳಿಗೆ ಹಬ್ಬ, ದುಬಾರಿಯದನ್ನು ಬಿಟ್ಟವರು ಅಗ್ಗದ್ದಕ್ಕೆ ಜಾರುತ್ತಾರೆ. ಬಿಡಿಗೆ ಇಷ್ಟು ಎಂದರೆ ಆ ಜಾರಾಟ ಕಡಿಮೆ, ಆದರೆ ಹಣದುಬ್ಬರ ಅದನ್ನು ವರ್ಷ ವರ್ಷ ತಿನ್ನುತ್ತದೆ. ಸರ್ಕಾರ ಮರೆತು ಕೂತರೆ ಐದಾರು ವರ್ಷದಲ್ಲಿ ಸುಂಕ ಇದ್ದೂ ಇಲ್ಲದಂತೆ. ಐರೋಪ್ಯ ಒಕ್ಕೂಟ ಎರಡನ್ನೂ ಬೆರೆಸಿ, ಅದರ ಕೆಳಗೆ ಸಾವಿರಕ್ಕೆ ಕನಿಷ್ಠ 90 ಯೂರೋ ಎಂದು ಒಂದು ಅಡಿಗಟ್ಟು ಹಾಕಿತು. ನನ್ನ ಮಟ್ಟಿಗೆ ಇದು ಕಡಿಮೆ ಕೆಟ್ಟ ಉಪಾಯ.

ತೆರಿಗೆ ಏರಿಸಿದರೆ ಬಳಕೆ ಇಳಿಯುತ್ತದೆ, ಬೊಕ್ಕಸ ಬರಿದಾಗುತ್ತದೆ ಎಂಬ ವಾದಕ್ಕೆ ಉತ್ತರ ಒಂದು ಗುಣಾಕಾರದಲ್ಲಿದೆ. ಪ್ಯಾಕಿನ ಬೆಲೆ 100, ಅದರಲ್ಲಿ ತೆರಿಗೆ 50. ತೆರಿಗೆಯನ್ನು 60 ಮಾಡಿ. ಬೆಲೆ 110, ಶೇ. 10 ಏರಿಕೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಬೆಲೆ ಶೇ. 10 ಏರಿದರೆ ಬಳಕೆ ಇಳಿಯುವುದು ಸುಮಾರು ಶೇ. 5, ಶ್ರೀಮಂತ ದೇಶಗಳಲ್ಲಿ ಶೇ. 4. ಮೊದಲು 100 ಪ್ಯಾಕಿಗೆ 5,000 ಬರುತ್ತಿದ್ದದ್ದು ಈಗ 95 ಪ್ಯಾಕಿಗೆ 5,700. ಸೇದುವವರೂ ಕಡಿಮೆ, ದುಡ್ಡೂ ಹೆಚ್ಚು. ಹಣಕಾಸು ಮಂತ್ರಿಗಳಿಗೆ ಇಷ್ಟು ಧರ್ಮವೂ ಇಷ್ಟು ಲಾಭವೂ ಒಟ್ಟಿಗೆ ಸಿಗುವ ಬಾಬ್ತು ಮತ್ತೊಂದಿಲ್ಲ. ಬಡವರ ಆದಾಯದಲ್ಲಿ ಈ ತೆರಿಗೆ ಹೆಚ್ಚು ಪಾಲು ತಿನ್ನುತ್ತದೆ ಎಂಬ ದೂರು ನಿಜ. ಬೆಲೆಗೆ ಹೆದರಿ ಬಿಡುವವರಲ್ಲೂ ಅವರೇ ಮುಂದು ಎಂಬುದೂ ನಿಜ. ಇನ್ನು, ಸೇದುವವರು ಬೇಗ ಸಾಯುವುದರಿಂದ ಪಿಂಚಣಿ ಉಳಿಯುತ್ತದೆ ಎಂದು ಚೆಕ್ ಗಣರಾಜ್ಯದ ಲೆಕ್ಕ ಹಾಕಿ 2001ರಲ್ಲಿ ಒಂದು ಸಿಗರೇಟು ಕಂಪನಿ ವರದಿ ಬರೆಸಿತ್ತು. ಲೋಕವೆಲ್ಲ ಉಗಿದ ಮೇಲೆ ಕ್ಷಮೆ ಕೇಳಿತು. ಲೆಕ್ಕ ಹಾಕುವವರಿಗೂ ಒಂದು ಮಿತಿ ಬೇಕು.

ಆ ಗುಣಾಕಾರ ಕೈಕೊಡುವುದು ಪಕ್ಕದಲ್ಲಿ ಅಗ್ಗದ ಸರಕು ಸಿಕ್ಕಾಗ. ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನಿಗೆ ತಂಬಾಕು ಕಂಡರಾಗುತ್ತಿರಲಿಲ್ಲ. 1604ರಲ್ಲಿ ಪೌಂಡ್ ತೂಕಕ್ಕೆ 2 ಪೆನ್ನಿ ಇದ್ದ ಸುಂಕದ ಮೇಲೆ 6 ಶಿಲಿಂಗ್ 8 ಪೆನ್ನಿ ಹೇರಿದ. 12 ಪೆನ್ನಿಗೆ ಒಂದು ಶಿಲಿಂಗಿನಂತೆ ಒಟ್ಟು 82 ಪೆನ್ನಿ, 41 ಪಟ್ಟು. ಕಳ್ಳಸಾಗಣೆಗೆ ಇದಕ್ಕಿಂತ ಒಳ್ಳೆಯ ಆಮಂತ್ರಣ ಬೇಕೇ? ಕೆನಡಾದಲ್ಲಿ 1990ರ ದಶಕದ ಆರಂಭದಲ್ಲಿ ಸುಂಕವಿಲ್ಲದೆ ಅಮೆರಿಕಕ್ಕೆ ರಫ್ತಾದ ಸಿಗರೇಟು ಅದೇ ಗಡಿ ದಾಟಿ ಕದ್ದು ವಾಪಸು ಬರುತ್ತಿತ್ತು. 1994ರ ಫೆಬ್ರವರಿಯಲ್ಲಿ ಸರ್ಕಾರ ಸೋತು ತೆರಿಗೆ ಇಳಿಸಿತು. 2008ರಲ್ಲಿ ಅಲ್ಲಿನ ಎರಡು ದೊಡ್ಡ ಸಿಗರೇಟು ಕಂಪನಿಗಳು ಆ ಕಳ್ಳಸಾಗಣೆಗೆ ನೆರವಾದ ತಪ್ಪೊಪ್ಪಿಕೊಂಡು, ದಂಡ ಪರಿಹಾರ ಸೇರಿ 100 ಕೋಟಿ ಡಾಲರಿಗೂ ಹೆಚ್ಚು ಕಟ್ಟಲು ಒಪ್ಪಿದವು. ಕಳ್ಳಸಾಗಣೆಯ ಭಯ ತೋರಿಸಿ ತೆರಿಗೆ ಇಳಿಸಿ ಎನ್ನುವವರ ಮಾತು ಕೇಳುವಾಗ ಈ ಪ್ರಕರಣ ನೆನಪಿರಬೇಕು.

ಹಾಗಂತ ಭಯ ಸುಳ್ಳೂ ಅಲ್ಲ. 40 ಅಡಿಯ ಒಂದು ಕಂಟೇನರಿನಲ್ಲಿ ಸುಮಾರು 1 ಕೋಟಿ ಸಿಗರೇಟು ಹಿಡಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಒಂದೊಂದು ಸಿಗರೇಟಿನ ಸುಂಕ ಅಲ್ಲಿನ 1.40 ಡಾಲರ್ ದಾಟಿದೆ. ಒಂದು ಕಂಟೇನರ್ ಕಣ್ತಪ್ಪಿಸಿ ಒಳಬಂದರೆ ಉಳಿದ ಸುಂಕ 1.4 ಕೋಟಿ ಡಾಲರ್. ಅಲ್ಲಿ ಈಗ ಸುಂಕದ ಆದಾಯ ಕುಸಿಯುತ್ತಿದೆ, ಕಳ್ಳ ಸಿಗರೇಟಿನ ಗುಂಪುಗಳ ಜಗಳದಲ್ಲಿ ಮೆಲ್ಬರ್ನಿನ ತಂಬಾಕು ಅಂಗಡಿಗಳಿಗೆ ಬೆಂಕಿ ಬಿದ್ದಿದೆ. ತೆರಿಗೆ ಏರಿಸುವವರು ಬಂದರಿನ ತಪಾಸಣೆಗೂ ಅಷ್ಟೇ ಖರ್ಚು ಮಾಡದಿದ್ದರೆ ಮೇಲಿನ 95 ಪ್ಯಾಕಿನ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ.

ಅಳತೆಯ ಮೋಸಗಳಲ್ಲಿ ಅತ್ಯಂತ ನಾಜೂಕಿನದು ಸುಂಕಕ್ಕೆ ಸೇರಿದ್ದಲ್ಲ. ಫಿಲ್ಟರಿನ ಸುತ್ತಲ ಕಾಗದವನ್ನು ಬೆಳಕಿಗೆ ಹಿಡಿದರೆ ಕೆಲವು ಸಿಗರೇಟುಗಳಲ್ಲಿ ಉಂಗುರದಂತೆ ಸೂಜಿಮೊನೆಯಷ್ಟು ರಂಧ್ರಗಳು ಕಾಣುತ್ತವೆ. ಹೊಗೆಯ ಅಂಟುಮಸಿಯಾದ ಟಾರ್ ಎಷ್ಟೆಂದು ಅಳೆಯುವ ಯಂತ್ರ ನಿಮಿಷಕ್ಕೊಮ್ಮೆ, 2 ಸೆಕೆಂಡು, 35 ಮಿಲಿಲೀಟರಿನ ಒಂದು ದಮ್ಮು ಎಳೆಯುತ್ತದೆ. ಎಳೆದಾಗ ಆ ರಂಧ್ರಗಳಿಂದ ಹೊರಗಿನ ಗಾಳಿ ನುಗ್ಗಿ ಹೊಗೆ ತೆಳುವಾಗುತ್ತದೆ, ಅಂಕಿ ಇಳಿಯುತ್ತದೆ, ಪ್ಯಾಕಿನ ಮೇಲೆ ‘ಲೈಟ್’ ಎಂದು ಅಚ್ಚಾಗುತ್ತದೆ. ಮನುಷ್ಯ ಯಂತ್ರದ ಹಾಗೆ ಸೇದುವುದಿಲ್ಲ. ಅವನ ಬೆರಳು, ತುಟಿ ಆ ರಂಧ್ರಗಳನ್ನೇ ಮುಚ್ಚುತ್ತವೆ. ನಿಕೋಟಿನ್ ಸಾಲದಿದ್ದರೆ ಇನ್ನಷ್ಟು ಜೋರಾಗಿ, ಇನ್ನಷ್ಟು ಆಳವಾಗಿ ಎಳೆಯುತ್ತಾನೆ. ಯೂರೋಪಿನಲ್ಲಿ ‘ಲೈಟ್’ ಎಂಬ ಮಾತು 2003ರಲ್ಲಿ ಪ್ಯಾಕಿನಿಂದ ಅಳಿಸಿತು. ರಂಧ್ರಗಳು ಅಳಿಸಲಿಲ್ಲ.

ಎಲ್ಲಿ ಸೇದಬಾರದು ಎಂಬ ನಿಯಮಕ್ಕೂ ಟೇಪು ಬೇಕು. 2004ರ ಮಾರ್ಚ್ 29ರಂದು ಐರ್ಲೆಂಡ್ ಕೆಲಸದ ಜಾಗಗಳಲ್ಲೆಲ್ಲ, ಪಬ್ಬುಗಳಲ್ಲೂ, ಧೂಮಪಾನ ನಿಲ್ಲಿಸಿತು. ದೇಶಕ್ಕೆ ದೇಶವೇ ಹೀಗೆ ಮಾಡಿದ್ದು ಅದೇ ಮೊದಲು. ಹೊರಗಡೆ ಚಾವಣಿ ಇದ್ದರೂ ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಗೋಡೆ ಇಲ್ಲದಿದ್ದರೆ ಸೇದಬಹುದು. ಇಂಗ್ಲೆಂಡಿನಲ್ಲೂ ಅರ್ಧದ ಲೆಕ್ಕವೇ, ಆದರೆ ತೆರೆದು ಮುಚ್ಚಬಹುದಾದ ಕಿಟಕಿ ಬಾಗಿಲು ತೆರಪಿನ ಲೆಕ್ಕಕ್ಕಿಲ್ಲ. ಸ್ಪೇನ್ 2006ರಲ್ಲಿ 100 ಚದರ ಮೀಟರಿಗಿಂತ ಚಿಕ್ಕ ಬಾರುಗಳಿಗೆ ‘ನಿಮ್ಮಿಷ್ಟ’ ಅಂದಿತು. ಮಾಲೀಕರ ಇಷ್ಟ ಏನಾಗಿರುತ್ತದೆ ಎಂದು ಯಾರಾದರೂ ಊಹಿಸಬಹುದಿತ್ತು. ಐದು ವರ್ಷ ನೋಡಿ, 2011ರ ಜನವರಿ 2ರಿಂದ ಪೂರ್ತಿ ನಿಷೇಧ. ಒಂದು ಮೂಲೆಯಲ್ಲಿ ಸೇದಲಿ, ಫ್ಯಾನ್ ಹಾಕಿ ಎನ್ನುವ ಮಧ್ಯಮ ಮಾರ್ಗ ಹೊಗೆಗೆ ಒಗ್ಗುವುದಿಲ್ಲ. ಕೋಣೆಯಲ್ಲಿ ತುಂಬುವ ಹೊಗೆಯ ಬಹುಪಾಲು ಸೇದುವವನ ಬಾಯಿಂದ ಬಂದದ್ದಲ್ಲ, ಎರಡು ದಮ್ಮುಗಳ ನಡುವೆ ತುದಿ ಸುಮ್ಮನೆ ಉರಿಯುವಾಗ ಬಂದದ್ದು. ಅದರ ಕಣಗಳು ಮೈಕ್ರಾನಿಗಿಂತ, ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲಿಗಿಂತ ಚಿಕ್ಕವು. ಬೇಗ ನೆಲಕ್ಕಿಳಿಯುವುದಿಲ್ಲ, ಗಾಳಿ ಎತ್ತ ಹೋದರೆ ಅತ್ತ. ಫ್ಯಾನ್ ಅವನ್ನು ಪಕ್ಕದ ಮೇಜಿಗೆ ಹಂಚುತ್ತದೆ.

ಅಳತೆಯ ಸಹವಾಸವೇ ಬೇಡವೆಂದು ಭೂತಾನ್ 2004ರಲ್ಲಿ ಮಾರಾಟವನ್ನೇ ನಿಷೇಧಿಸಿ ನೋಡಿತು. ಗಡಿಯಾಚೆಯಿಂದ ಕದ್ದ ಮಾಲು ಬರುವುದು ನಿಲ್ಲಲಿಲ್ಲ; ಕೋವಿಡ್ ಕಾಲದಲ್ಲಿ ಆ ಕಳ್ಳದಾರಿಯಲ್ಲಿ ಸೋಂಕೂ ಬಂದೀತೆಂದು 2021ರಲ್ಲಿ ನಿಷೇಧ ತೆಗೆಯಿತು. ಈಗಿನ ಹೊಸ ಪ್ರಯೋಗದಲ್ಲಿ ಅಳೆಯುವುದು ಸಿಗರೇಟನ್ನಲ್ಲ, ಸೇದುವವನನ್ನು. 2009ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಎಂದಿಗೂ ಮಾರಬಾರದು ಎಂದು ನ್ಯೂಜಿಲೆಂಡ್ 2022ರಲ್ಲಿ ಕಾನೂನು ಮಾಡಿತು. ಸರ್ಕಾರ ಬದಲಾಗಿ, ಜಾರಿಗೆ ಬರುವ ಮೊದಲೇ 2024ರಲ್ಲಿ ರದ್ದಾಯಿತು. ಮಾಲ್ಡೀವ್ಸ್ ಮಾತ್ರ 2025ರ ನವೆಂಬರ್ 1ರಿಂದ ಜಾರಿಗೆ ತಂದೇಬಿಟ್ಟಿತು. ಅಲ್ಲಿ ಗೆರೆ 2007ರ ಜನವರಿ 1. ಹುಟ್ಟಿದ ದಿನಾಂಕವನ್ನು ಒಂದು ಮಿ.ಮೀ. ಕತ್ತರಿಸಲು ಬರುವುದಿಲ್ಲ, ತೂಕ ಕೂಡಿಸಲೂ ಬರುವುದಿಲ್ಲ. ಗುಮಾಸ್ತ ಈ ಸಲ ಗೆದ್ದಂತೆಯೇ ಕಾಣುತ್ತದೆ. 2050ರಲ್ಲಿ ಅಲ್ಲಿನ ಅಂಗಡಿಯವನು 44 ವರ್ಷದ ಅಣ್ಣನಿಗೆ ಸಿಗರೇಟು ಮಾರಬಹುದು, ಪಕ್ಕದಲ್ಲೇ ನಿಂತ 42ರ ತಮ್ಮನಿಗೆ ಮಾರುವಂತಿಲ್ಲ. ಅಣ್ಣ ಎರಡು ಪ್ಯಾಕ್ ಕೇಳುತ್ತಾನೆ.