ಹೈಕ್ರಾಸ್ ಹೈಬ್ರಿಡ್: ಮೇಲ್ದರ್ಜೆಯ ಮಾದರಿಗೆ ಮೈಲೇಜ್ ಹೆಚ್ಚೇ? ಒಂದು ಸ್ಪಷ್ಟನೆ

ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಇನೋವಾ ಹೈಕ್ರಾಸ್‌ನ ಝಡ್‌ಎಕ್ಸ್ ಮಾದರಿಗಳಿಗೆ ಮಾತ್ರ ‘ಪೂರ್ಣ’ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಕಾರನ್ನು ಓಡಿಸುವ ವ್ಯವಸ್ಥೆ) ಇದೆ, ಅದಕ್ಕಿಂತ ಅಗ್ಗದ ವಿಎಕ್ಸ್‌ನ ಬ್ಯಾಟರಿ ಚಿಕ್ಕದು, ಆದ್ದರಿಂದ ಮೈಲೇಜ್ ಕಡಿಮೆ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ವಿಎಕ್ಸ್, ಝಡ್‌ಎಕ್ಸ್ ಮತ್ತು ಝಡ್‌ಎಕ್ಸ್ (ಒ) ಮಾದರಿಗಳಲ್ಲಿರುವುದು ಒಂದೇ 2.0 ಲೀಟರ್ ಪೆಟ್ರೋಲ್ ಎಂಜಿನ್, ಒಂದೇ ಮೋಟಾರು, ಒಂದೇ ಬ್ಯಾಟರಿ. ಘೋಷಿತ ಮೈಲೇಜ್ ಕೂಡ ಲೀಟರಿಗೆ 23.24 ಕಿ.ಮೀ. ಸಿಗ್ನಲ್‌ನಿಂದ ಹೊರಟು ನಿಧಾನವಾಗಿ ತೆವಳುವಾಗ ಎಂಜಿನ್ ಸುಮ್ಮನಿದ್ದು ಡ್ಯಾಶ್‌ಬೋರ್ಡ್‌ನಲ್ಲಿ ‘ಇವಿ’ (ವಿದ್ಯುತ್ತಿನಲ್ಲೇ ಓಡುತ್ತಿದೆ ಎಂದು ತಿಳಿಸುವ) ದೀಪ ಉರಿಯುವುದನ್ನು ವಿಎಕ್ಸ್‌ನಲ್ಲಿಯೂ ಕಣ್ಣಾರೆ ಕಾಣಬಹುದು. ಹೈಬ್ರಿಡ್ ಇಲ್ಲದಿರುವುದು ಜಿ ಮತ್ತು ಜಿಎಕ್ಸ್ ಮಾದರಿಗಳಲ್ಲಿ. ಗೊಂದಲದ ಮೂಲ ಬಹುಶಃ ಇದೇ.

ಹೆಚ್ಚಿನ ಹಣಕ್ಕೆ ಸಿಗುವುದು ಸೌಕರ್ಯ: ಝಡ್‌ಎಕ್ಸ್‌ನಲ್ಲಿ ನಡುಸಾಲಿನ ಆಸನಗಳಿಗೆ ಕಾಲು ಚಾಚುವ ವಿದ್ಯುತ್ ಆಸರೆಯಿದೆ, ಆದರೆ ಎಂಟು ಜನರ ಕುಟುಂಬಕ್ಕೆ ಅದು ಒದಗದು, ಏಕೆಂದರೆ ಅದರಲ್ಲಿ ಏಳೇ ಆಸನ, ವಿಎಕ್ಸ್‌ನಲ್ಲಿ ಎಂಟು ಆಸನದ ಆಯ್ಕೆಯೂ ಉಂಟು. ಮುಂದಿನ ವಾಹನ ಗಮನಿಸಿ ತಾನಾಗಿ ಬ್ರೇಕ್ ಹಾಕುವ ಸುರಕ್ಷಾ ವ್ಯವಸ್ಥೆಯನ್ನು ಮಾತ್ರ ಝಡ್‌ಎಕ್ಸ್ (ಒ)ಗೆ ಮೀಸಲಿಡಲಾಗಿದೆ. ಹೆದ್ದಾರಿಯಲ್ಲಿ ನಿತ್ಯ ಓಡಾಡುವವರಿಗೆ ಹೆಚ್ಚಿನ ಬೆಲೆ ಕೊಡಲು ನನ್ನ ಮಟ್ಟಿಗೆ ಇದೊಂದೇ ಗಟ್ಟಿಯಾದ ಕಾರಣ.