ಸತ್ಯಾಂಶ: ಪ್ಲೇ ಸ್ಟೋರ್ ಬಿಟ್ಟು ಆ್ಯಪ್ ಹಾಕಿಕೊಂಡರೆ ಅಪರಾಧವೇ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಆಗಾಗ ಬರುವ ಫಾರ್ವರ್ಡ್ ಇದು: 'ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಹಾಕುವುದು ಅಪರಾಧ, ಸ್ಟೋರ್‌ನಲ್ಲಿ ಇರುವುದೆಲ್ಲ ಸೇಫ್.' ಎರಡೂ ತಪ್ಪು.

ಸ್ಟೋರ್ ಹೊರಗಿನ ಆ್ಯಪ್ ಹಾಕಲು ಆಂಡ್ರಾಯ್ಡ್‌ನಲ್ಲೇ ದಾರಿ ಇದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಹಾಗೆ ಹಾಕುವ ಅನುಮತಿಯನ್ನು, ಫೈಲ್ ತರುವ ಒಂದೊಂದು ಆ್ಯಪ್‌ಗೂ ಬೇರೆಯಾಗಿ ಕೊಡಬೇಕು. ಬ್ರೌಸರ್‌ಗೆ ಕೊಟ್ಟರೆ ವಾಟ್ಸ್ಆ್ಯಪ್‌ಗೂ ಕೊಟ್ಟಂತಲ್ಲ. ಮುಕ್ತ ತಂತ್ರಾಂಶಗಳನ್ನೇ (ಕೋಡ್ ಯಾರು ಬೇಕಾದರೂ ನೋಡಬಹುದಾದವು) ಕೊಡುವ ಎಫ್-ಡ್ರಾಯ್ಡ್ ಎಂಬ ಬೇರೆ ಆ್ಯಪ್ ಸ್ಟೋರ್ 2010ರಿಂದ ನಡೆಯುತ್ತಿದೆ.

ಇನ್ನು ಸ್ಟೋರ್ ವಿಷಯ. 'ಜೋಕರ್' ಎಂಬ ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಇದ್ದ 17 ಆ್ಯಪ್‌ಗಳು 2020ರ ಸೆಪ್ಟೆಂಬರ್‌ನಲ್ಲಿ ಪ್ಲೇ ಸ್ಟೋರ್‌ನಲ್ಲೇ ಸಿಕ್ಕವು. ಗೂಗಲ್ ತೆಗೆಯುವಷ್ಟರಲ್ಲಿ ಸುಮಾರು 1.2 ಲಕ್ಷ ಡೌನ್‌ಲೋಡ್ ಆಗಿದ್ದವು.

ಐಫೋನ್‌ನಲ್ಲಿ ಹಿಡಿತ ಜಾಸ್ತಿ. ಆದರೂ ಯುರೋಪಿಯನ್ ಒಕ್ಕೂಟದ ಕಾನೂನಿನಿಂದಾಗಿ 2024ರ ಮಾರ್ಚ್‌ನಲ್ಲಿ ಆ್ಯಪಲ್ ಅಲ್ಲಿ ಬೇರೆ ಸ್ಟೋರ್‌ಗಳಿಗೆ ಅವಕಾಶ ಕೊಟ್ಟಿತು. ಕಂಪನಿ ಎಚ್ಚರಿಸಲಿ, ಜೋರಾಗಿಯೇ ಎಚ್ಚರಿಸಲಿ. ಕೊನೆಯ ಮಾತು ದುಡ್ಡು ಕೊಟ್ಟು ಫೋನ್ ಕೊಂಡವರದ್ದೇ ಆಗಬೇಕು, ಅಲ್ವಾ?

ಹಾಗಂತ ಜನರ ಭಯ ಸುಮ್ನೆ ಹುಟ್ಟಿದ್ದಲ್ಲ. 'ನಿಮ್ಮ ಗಾಡಿಯ ಟ್ರಾಫಿಕ್ ದಂಡ ಬಾಕಿ ಇದೆ' ಅಂತ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್, ಅಂದರೆ ಆಂಡ್ರಾಯ್ಡ್ ಆ್ಯಪ್ ಹಾಕುವ ಫೈಲ್, ಬರುತ್ತದೆ. ಹಾಕಿಕೊಂಡರೆ ಎಸ್ಎಂಎಸ್ ಓದಲು ಅನುಮತಿ ಕೇಳುತ್ತದೆ. 'ಅಲೋ' ಒತ್ತಿದಿರೋ, ಬ್ಯಾಂಕಿನ ಒಟಿಪಿ ಕಳ್ಳರ ಕೈಗೆ ಹೋಗುತ್ತದೆ. ದಂಡ ಇದೆಯೋ ಇಲ್ಲವೋ ಅಂತ ಪೊಲೀಸರ ಅಧಿಕೃತ ವೆಬ್‌ಸೈಟಿನಲ್ಲೇ ನೋಡಿ. ಫೈಲ್ ಹಾಕಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.