ಪೆನ್ನಿ ಹಿಡಿದ ನಡಿಗೆ

ಬೀದಿಯ ಆ ತುದಿಯಲ್ಲಿ ಬರುತ್ತಿರುವವರ ಮುಖ ಕಾಣುವ ಮೊದಲೇ ಅವರು ಯಾರೆಂದು ಗೊತ್ತಾಗಿಬಿಡುತ್ತದೆ. ಗುಟ್ಟು ಬಿಟ್ಟುಕೊಡುವುದು ನಡಿಗೆ. ಕೂದಲಿಗೆ ಬಣ್ಣ ಹಚ್ಚಬಹುದು, ಮೀಸೆ ಬೋಳಿಸಬಹುದು, ಆದರೆ ಕಾಲು ಮಾತ್ರ ಯಜಮಾನನ ಮಾತು ಕೇಳುವುದಿಲ್ಲ. ನಟರಿಗೆ ದೊಡ್ಡ ತಲೆನೋವು ಇದೇ. ಕಿರೀಟ ಇಟ್ಟು ಗದೆ ಹೊತ್ತು ಬಂದವನು ನಾಲ್ಕು ಹೆಜ್ಜೆ ಹಾಕುತ್ತಲೇ ಬಸ್ಸು ಹಿಡಿಯಲು ಹೊರಟ ಗುಮಾಸ್ತನಾಗಿಬಿಡುತ್ತಾನೆ.

ಡೇವಿಡ್ ಸುಶೆ ಎಂಬ ಇಂಗ್ಲಿಷ್ ನಟರು ಈ ತಲೆನೋವಿಗೆ ಕಂಡುಕೊಂಡ ಮದ್ದು ಒಂದು ಪೆನ್ನಿ ನಾಣ್ಯ.

ಸುಶೆ ಹುಟ್ಟಿದ್ದು 1946ರಲ್ಲಿ, ಲಂಡನ್ನಿನಲ್ಲಿ. ಲಾಮ್ಡಾ ನಾಟಕಶಾಲೆಯಲ್ಲಿ ಕಲಿತು, 1969ರಲ್ಲಿ ಚೆಸ್ಟರ್ ಊರಿನ ರಂಗಮಂದಿರದಲ್ಲಿ ಕಸುಬು ಶುರುಮಾಡಿ, 1973ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಸೇರಿದರು. ಅಲ್ಲಿ ಕ್ಯಾಲಿಬನ್, ಶೈಲಾಕ್, ಇಯಾಗೊ ಪಾತ್ರಗಳನ್ನು ಮಾಡಿದರು. ಒಟ್ಟಿನಲ್ಲಿ ಪ್ರೇಕ್ಷಕರು ಮನೆಗೆ ಕರೆಯಲು ಹಿಂದೆಮುಂದೆ ನೋಡುವಂಥ ಜನ. ಅಂಥ ಪಾತ್ರ ಮಾಡುತ್ತಿದ್ದವರಿಗೆ ಟಿವಿ ಧಾರಾವಾಹಿಯೊಂದರಲ್ಲಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯ ಪತ್ತೇದಾರ ಹರ್ಕ್ಯೂಲ್ ಪ್ವಾರೊ ಪಾತ್ರ ಬಂದಾಗ, ಟಿವಿಯಲ್ಲಿ ವಾರ್ತೆ ಓದುತ್ತಿದ್ದ ಅಣ್ಣ ಜಾನ್ ಸುಶೆ ಅದರ ಹತ್ತಿರ ಸುಳಿಯಬೇಡ ಎಂದರಂತೆ. ಮೊಟ್ಟೆಯಾಕಾರದ ತಲೆ, ತಿರುಚಿದ ಮೀಸೆ, ಜಂಬ ಎಲ್ಲ ಸೇರಿದರೆ ಕೋಡಂಗಿಯಾಗಲು ಎಷ್ಟು ಹೊತ್ತು? ಕ್ರಿಸ್ಟಿಯ ಮಗಳು ರೊಸಲಿಂಡ್ ಹಿಕ್ಸ್ ಕೂಡ ಊಟಕ್ಕೆ ಕರೆದು ಒಂದೇ ಷರತ್ತು ಹಾಕಿದರು: ಜನ ಪ್ವಾರೊ ಜೊತೆ ನಗಲಿ, ಪ್ವಾರೊನನ್ನು ನೋಡಿ ನಗಬಾರದು.

ಸುಶೆ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು ಓದಿದರು, ಪಟ್ಟಿ ಬರೆದರು. ಬರೆಯುತ್ತ ಹೋದದ್ದು 93 ಅಂಶವಾಯಿತು. ಮೊದಲನೆಯದು: ಬೆಲ್ಜಿಯಂನವನು, ಫ್ರಾನ್ಸಿನವನಲ್ಲ! ಸಕ್ಕರೆ ಸಾಮಾನ್ಯವಾಗಿ ನಾಲ್ಕು ತುಂಡು, ಕೆಲವೊಮ್ಮೆ ಮೂರು, ಅಪರೂಪಕ್ಕೆ ಐದು. ಚೂಪು ಮೂತಿಯ, ಬಿಗಿಯಾದ, ಮಿರಮಿರ ಮಿಂಚುವ ಬೂಟು. ಮದುವೆಮನೆ ಅಡುಗೆಭಟ್ಟರೂ ಇಷ್ಟು ಕರಾರುವಾಕ್ಕಾಗಿ ಪಟ್ಟಿ ಬರೆಯಲಾರರು. ಆ ಬೂಟಿನೊಳಗೆ ಪಾದ ತೂರಿಸಿದರೆ ಹೆಜ್ಜೆ ಹೇಗೆ ಬಿದ್ದೀತು? ಪುಟ್ಟಪುಟ್ಟದಾಗಿ, ಚುರುಕಾಗಿ ಎನ್ನುವ ಸುಳಿವು ಪುಸ್ತಕದಲ್ಲೇ ಸಿಕ್ಕಿತು. ಕಾಲಿಗೆ ಅದನ್ನು ಕಲಿಸುವ ದಾರಿ ಹುಡುಕುವಾಗ ಹಿರಿಯ ಇಂಗ್ಲಿಷ್ ನಟ ಲಾರೆನ್ಸ್ ಒಲಿವಿಯೆ ಹೇಳಿದ್ದ ಹಳೆಯ ಉಪಾಯ ನೆನಪಾಯಿತು: ಪೃಷ್ಠದ ನಡುವೆ (ಮನೆಮಾತಿನ ಪದ ಓದುಗರೇ ಹಾಕಿಕೊಳ್ಳಲಿ) ಒಂದು ಪೆನ್ನಿ ಅಮುಕಿ ಹಿಡಿದು ನಡೆ.

ನಗು ಬರುವುದು ಸಹಜ. ಆದರೆ ದೇಹದ ಲೆಕ್ಕ ನೋಡಿದರೆ ಇದು ಪಕ್ಕಾ ಕಸುಬುದಾರಿಕೆ. 1971ರಲ್ಲಿ ಬಳಕೆಗೆ ಬಂದ ಪೆನ್ನಿಯ ಅಗಲ ಸುಮಾರು 20 ಮಿಲಿಮೀಟರು, ಹೆಚ್ಚುಕಡಿಮೆ ನಮ್ಮ ಒಂದು ರೂಪಾಯಿ. ಅದು ಜಾರಬಾರದೆಂದರೆ ಸ್ನಾಯು ಬಿಗಿಯಬೇಕು. ಬಿಗಿದ ಕೂಡಲೇ ತೊಡೆಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಸೊಂಟದ ತೂಗಾಟ ನಿಲ್ಲುತ್ತದೆ. ಉದ್ದ ಹೆಜ್ಜೆ ಇಟ್ಟರೆ ನಾಣ್ಯ ಠಣ್ ಎನ್ನುತ್ತದೆ, ಹಾಗಾಗಿ ನಡೆಯುವ ಕೆಲಸವೆಲ್ಲ ಮೊಣಕಾಲಿನಿಂದ ಕೆಳಗಿನ ಪಾಲಾಗುತ್ತದೆ. ಗಿಡ್ಡ ಹೆಜ್ಜೆಯಲ್ಲಿ ದೂರ ಸಾಗಬೇಕಲ್ಲ, ಅದಕ್ಕೆ ವೇಗ ತಾನಾಗಿ ಬರುತ್ತದೆ. ಮೇಲಿನ ದೇಹ ತುಂಬಿದ ಬಿಂದಿಗೆ ಹೊತ್ತವರಂತೆ ಅಲುಗದೆ ಮುಂದೆ ತೇಲುತ್ತದೆ. ಎಡವಟ್ಟಾಗುವುದು ಎರಡು ಕಡೆ. ಕೆಳಗೆ ಬಿಗಿದವರು ಗೊತ್ತಿಲ್ಲದೆ ಉಸಿರನ್ನೂ ಬಿಗಿಹಿಡಿಯುತ್ತಾರೆ, ಭುಜ ಕಿವಿಗೆ ತಾಗುತ್ತದೆ. ಇಲ್ಲವೇ ನಾಣ್ಯದ ಚಿಂತೆ ಮುಖಕ್ಕೆ ಬಂದು ಮಲಬದ್ಧತೆಯ ರೋಗಿಯಂತೆ ಕಾಣುತ್ತಾರೆ. ಕೆಳಗಿನ ಬಿಗಿ ಮೇಲಕ್ಕೆ ಏರದಂತೆ ತಡೆದು, ಅದೇ ಹೊತ್ತಿಗೆ ನಿರಾಳವಾಗಿ ಮಾತಾಡುವುದಿದೆಯಲ್ಲ, ಅದಕ್ಕೆ ಸಾಧನೆ ಬೇಕು.

ಕ್ಯಾಮೆರಾ ಹತ್ತಿರ ಬಂದಾಗ ಕಾಲು ಕಾಣುವುದೇ ಇಲ್ಲವಲ್ಲ ಎನ್ನಬಹುದು. ನಿಜ. ಆದರೆ ನಡಿಗೆ ಬರಿಯ ಕಾಲಿನದಾಗಿದ್ದರೆ ಆ ಮಾತು ಸರಿ. ಹೊಟ್ಟೆ, ಎದೆ, ಬೆನ್ನಿಗೆಲ್ಲ ಪ್ಯಾಡು ಕಟ್ಟಿದ ದೇಹ ಈ ಬಿಗಿಯ ಮೇಲೆ ನಿಂತಾಗ ಕತ್ತು ನೆಟ್ಟಗಾಗುತ್ತದೆ; ತಲೆ ತಿರುಗುವ ಬದಲು ಇಡೀ ಮನುಷ್ಯನೇ ತಿರುಗುತ್ತಾನೆ. ದನಿಯೂ ಹಾಗೆಯೇ ಮೇಲೇರಿತು. ಸುಶೆಯವರ ಸ್ವಂತ ದನಿ ಎದೆಯ ಆಳದ್ದು. ಪ್ವಾರೊ ಮಿದುಳಿನಿಂದ ಬದುಕುವವನು ಎಂದು ಅದನ್ನು ತಲೆಗೆ ಏರಿಸಿದರು. ಉಚ್ಚಾರಣೆಗೆ ಬೆಲ್ಜಿಯಂನ ಫ್ರೆಂಚ್ ರೇಡಿಯೊ ಕೇಳಿದರು. ಶುರುವಿನಲ್ಲಿ ಬೆಂಚಿನ ಮೇಲೆ ಕರವಸ್ತ್ರ ಹಾಸಿ ಕೂರುತ್ತೇನೆ ಎಂದು ಹಟಹಿಡಿದಾಗ ನಿರ್ದೇಶಕರು ಒಪ್ಪಲಿಲ್ಲ, ನಗೆಪಾಟಲಾಗುತ್ತದೆ ಎಂದರು. ಜಗಳ ನಿರ್ಮಾಪಕರವರೆಗೂ ಹೋಯಿತು. ಗೆದ್ದದ್ದು ಕರವಸ್ತ್ರ. ನಿರ್ದೇಶಕರದು ತಪ್ಪೆನ್ನಲು ಮನಸ್ಸಿಲ್ಲ. ಕೂರುವ ಗಡಿಬಿಡಿಯಲ್ಲಿ ಹಾಸಿದ್ದರೆ ಅದು ಖಂಡಿತ ನಗೆಪಾಟಲೇ. ಸುಶೆ ಅದನ್ನು ಮಡಿಬಟ್ಟೆ ಹರವುವವರ ಶ್ರದ್ಧೆಯಿಂದ ಮಾಡುತ್ತಾರೆ, ಹಾಗಾಗಿ ನಗು ಬಂದರೂ ಗೌರವ ಹೋಗುವುದಿಲ್ಲ.

ಮೊದಲ ಕಂತು ಪ್ರಸಾರವಾದದ್ದು 1989ರ ಜನವರಿಯಲ್ಲಿ. 2013ರ ನವೆಂಬರಿಗೆ 70 ಕಂತು ಮುಗಿದವು. ಆ ನಡುವೆ ಸುಶೆ ರಂಗಕ್ಕೆ ಮರಳುತ್ತಲೇ ಇದ್ದರು. 1998ರಲ್ಲಿ ಓಲ್ಡ್ ವಿಕ್‌ನಲ್ಲಿ ಸಂಗೀತಗಾರ ಸಾಲಿಯೇರಿಯಾದರು, 2010ರಲ್ಲಿ ಆರ್ಥರ್ ಮಿಲ್ಲರ್ ನಾಟಕದ ಕಾರ್ಖಾನೆ ಮಾಲೀಕನಾದರು. ಒಬ್ಬೊಬ್ಬರದೂ ಒಂದೊಂದು ನಡಿಗೆ. ಪ್ರತಿ ಸಲ ಪ್ವಾರೊ ಬಳಿಗೆ ಬಂದಾಗ ಆ ಕಾಲುಗಳನ್ನು ಕಳಚಿಟ್ಟು ಪೆನ್ನಿಯನ್ನು ಮತ್ತೆ ಹುಡುಕಬೇಕು.

ಕೊನೆಯ ಕಥೆಯಲ್ಲಿ ಪ್ವಾರೊ ಗಾಲಿಕುರ್ಚಿಯಲ್ಲಿ ಕೂತಿರುತ್ತಾನೆ. 24 ವರ್ಷ ಕಾಪಾಡಿದ ನಡಿಗೆಗೆ ಅಲ್ಲಿ ಕೆಲಸವಿಲ್ಲ. ಆದರೆ ಪ್ರಸಾರದ ಕ್ರಮ ಬೇರೆ, ಚಿತ್ರೀಕರಣದ ಕ್ರಮ ಬೇರೆ. ಪ್ವಾರೊ ಸಾಯುವ ಆ ಕಂತನ್ನು ಮೊದಲೇ, 2012ರಲ್ಲಿ, ಮುಗಿಸಿಬಿಟ್ಟಿದ್ದರು. ಕೊಟ್ಟಕೊನೆಗೆ ಕ್ಯಾಮೆರಾ ಇಟ್ಟದ್ದು 2013ರ ಬೇಸಿಗೆಯಲ್ಲಿ, ಡೆವನ್‌ನ ಗ್ರೀನ್‌ವೇಯಲ್ಲಿ, ಅಗಾಥಾ ಕ್ರಿಸ್ಟಿಯ ಸ್ವಂತ ಮನೆಯ ಅಂಗಳದಲ್ಲಿ. ಅಲ್ಲಿ ಪ್ವಾರೊಗೆ ಎರಡೂ ಕಾಲು ಗಟ್ಟಿಯಾಗಿದ್ದವು.